ಮೇಲಕ್ಕೆ ನೋಡುವ ಮುಖ

ಹರಿಹರ
12 ಅಕ್ಟೋಬರ್ 1998

ಶ್ರೀ ಉಜ್ಜನಪ್ಪನವರಿಗೆ,
ಕೇಂದ್ರ ಕಾರಾಗೃಹ, ಬಳ್ಳಾರಿ

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹರಿಹರದಲ್ಲಿ ಮನೆ, ಭಾನುವಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಗಾಂಧಿ ಜಯಂತಿಯ ದಿನ ದಾವಣಗೆರೆಯಲ್ಲಿ ಕೈದಿಗಳು ಬರೆದ ಚಿತ್ರಗಳ ಪ್ರದರ್ಶನವಿತ್ತು. ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳು ಬೇಗ ನೋಡಿ ಮುಗಿಸಿ ಹೊರಗೆ ಓಡಿದರು. ನಾನು ನಿಮ್ಮ ಮೂರು ಚಿತ್ರಗಳ ಮುಂದೆ ನಿಂತುಬಿಟ್ಟೆ.

ಒಂದರಲ್ಲಿ ಬಸ್ ನಿಲ್ದಾಣದ ಜನ, ಇನ್ನೊಂದರಲ್ಲಿ ಮದುವೆಯ ಊಟದ ಪಂಕ್ತಿ, ಮೂರನೆಯದರಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದವರ ಸಾಲು. ಮೂರರಲ್ಲೂ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದಾರೆ, ಒಬ್ಬ ಹುಡುಗ ಮಾತ್ರ ತಲೆಯೆತ್ತಿ ಮೇಲೆ ನೋಡುತ್ತಿದ್ದಾನೆ. ಮೂರರಲ್ಲೂ ಅದೇ ಮುಖ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ದೇವ್ರನ್ನ ನೋಡಕತ್ತಾನೆ ನೋಡ್ರಿ, ಎಷ್ಟು ಸಮಾಧಾನ ಐತೆ ಮುಖದಾಗ" ಎಂದರು. ನನಗೂ ಹಾಗೇ ಅನ್ನಿಸಿತು.

ಆ ಹುಡುಗ ಯಾರು ಎಂದು ಕೇಳಬಹುದೇ? ಉತ್ತರವನ್ನು ಶಾಲೆಯ ವಿಳಾಸಕ್ಕೆ ಬರೆಯಿರಿ.

ಇತಿ,
ಮರುಳಸಿದ್ದಮ್ಮ

~

ಬಳ್ಳಾರಿ
3 ನವೆಂಬರ್ 1998

ಟೀಚರ್ ಅವರಿಗೆ ಉಜ್ಜನಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಒಳಗೆ ಬರುವ ಕಾಗದವನ್ನು ಮೊದಲು ಆಫೀಸಿನವರು ಓದುತ್ತಾರೆ, ನಾವು ಬರೆದದ್ದನ್ನೂ ಓದಿಯೇ ಕಳಿಸುತ್ತಾರೆ. ತಡವಾದದ್ದಕ್ಕೆ ಅದೊಂದೇ ಕಾರಣ ಅಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಹೆಸರಿನ ಹಿಂದೆ ಶ್ರೀ ಎಂದು ಬರೆದವರು ನೀವೇ ಮೊದಲು. ಅದನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ನಾನು ಒಳಗೆ ಬಂದಾಗ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಿಮ್ಮ ಕವರಿನ ಮೇಲೆ ದಾವಣಗೆರೆ ಜಿಲ್ಲೆ ಎಂದಿದೆ. ಊರು ಇದ್ದಲ್ಲೇ ಇದ್ದು ಜಿಲ್ಲೆ ಬದಲಾಗಿದೆ.

ನಾನು ಮೊದಲು ದಾವಣಗೆರೆಯ ಮಂಡಿಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದೆ. ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಹಲಗೆ, ಗೋಡೆ ಜಾಹೀರಾತು. ಇಲ್ಲಿಗೆ ಬಂದ ಮೇಲೆ ತಟ್ಟೆಗಳಿಗೆ ನಂಬರು ಬರೆಯುವ ಕೆಲಸ ಕೊಟ್ಟರು. ಬಣ್ಣ ಸಿಗದ ದಿನಗಳಲ್ಲಿ ಇಟ್ಟಿಗೆ ಪುಡಿ, ಬಟ್ಟೆಗೆ ಹಾಕುವ ನೀಲಿ, ಚಹಾದ ಗಸಿ ಇಟ್ಟುಕೊಂಡು ಬರೆದೆ. ಈಗ ಖಾಜಾ ಹುಸೇನ್ ಅಂತ ಡ್ರಾಯಿಂಗ್ ಮೇಷ್ಟ್ರು ವಾರಕ್ಕೊಮ್ಮೆ ಬಂದು ಕಲಿಸುತ್ತಾರೆ, ಕಾಗದ ಬಣ್ಣ ಅವರೇ ತರುತ್ತಾರೆ. "ಉಜ್ಜನಪ್ಪ, ನಿನ್ನ ಚಿತ್ರದಾಗ ದೂರ ಅನ್ನೋದೇ ಇಲ್ಲಲ್ಲೋ, ಎಲ್ಲಾ ಮೂಗಿನ ಮುಂದೆ ಐತೆ" ಎನ್ನುತ್ತಾರೆ. ಏನು ಮಾಡಲಿ ಟೀಚರ್, ಇಲ್ಲಿ ದೂರ ಎನ್ನುವುದು ಇಲ್ಲ. ಎಲ್ಲಿ ನೋಡಿದರೂ ನೋಟ ಗೋಡೆಗೆ ಬಂದು ನಿಲ್ಲುತ್ತದೆ. ಮಕ್ಕಳನ್ನು ನೋಡಿ ಎಷ್ಟು ವರ್ಷವಾಯಿತೆಂದರೆ, ಪಂಕ್ತಿಯಲ್ಲಿ ಕೂತ ಕೂಸಿನ ಕೈ ಎಷ್ಟು ದಪ್ಪ ಬರೆಯಬೇಕೆಂದು ತಿಳಿಯದೆ ಎಲೆಯ ಹಿಂದೆ ಮುಚ್ಚಿಬಿಟ್ಟೆ.

ಆ ಹುಡುಗ ಯಾರೂ ಅಲ್ಲ. ಬರೆಯುತ್ತಾ ಬರೆಯುತ್ತಾ ಬಂದುಬಿಡುತ್ತಾನೆ.

ಉಜ್ಜನಪ್ಪ

~

ಹರಿಹರ
20 ನವೆಂಬರ್ 1998

ಉಜ್ಜನಪ್ಪನವರಿಗೆ,

ಯಾರೂ ಅಲ್ಲದವನ ಮುಖ ಮೂರು ಕಡೆ ಒಂದೇ ಥರ ಬರುವುದು ಕಷ್ಟ. ಇರಲಿ, ನಿಮಗೆ ಹೇಳುವುದಕ್ಕೆ ಇಷ್ಟವಿಲ್ಲದಿದ್ದರೆ ಬೇಡ.

ನನ್ನದೊಂದು ಕೋರಿಕೆ. ಆ ಮುಖವೊಂದನ್ನೇ ದೊಡ್ಡದಾಗಿ, ನೇರವಾಗಿ ನಮ್ಮ ಕಡೆ ನೋಡುವ ಹಾಗೆ ಬರೆದು ಕಳಿಸಬಹುದೇ? ಶಾಲೆಯ ಗೋಡೆಗೆ ಹಾಕಬೇಕೆಂದಿದ್ದೇನೆ. ಡ್ರಾಯಿಂಗ್ ಕಾಗದ ನಾಲ್ಕು ಹಾಳೆ ಇದರ ಜೊತೆ ಇಟ್ಟಿದ್ದೇನೆ.

ಮರುಳಸಿದ್ದಮ್ಮ

~

ಬಳ್ಳಾರಿ
28 ಜನವರಿ 1999

ಗುರುಶಾಂತಕ್ಕನಿಗೆ ನಮಸ್ಕಾರಗಳು.

ಈ ಹೆಸರು ನೋಡಿ ಕಾಗದ ಹರಿಯಬೇಡಿ, ಪೂರ್ತಿ ಓದಿ.

ನೀವು ಯಾರೆಂದು ಮೊದಲ ಕಾಗದದಲ್ಲೇ ಗೊತ್ತಾಯಿತು. ಕವರಿನ ಮೇಲೆ ಬರೆದಿದ್ದ ಶ್ರೀ ನೋಡಿದ ಕೂಡಲೇ. ನಿಮ್ಮ ಶಕಾರದ ಹೊಟ್ಟೆಯಲ್ಲಿ ಒಂದು ಸಣ್ಣ ಕೊಂಡಿ ಬರುತ್ತದೆ, ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ನೀವು ಹರಿಹರದಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಊಟದ ಡಬ್ಬಿ ಕಳಿಸುತ್ತಿದ್ದಿರಿ, ಒಳಗೆ ಒಂದು ಚೀಟಿ ಇರುತ್ತಿತ್ತು. "ಬಕ್ಕೇಶ, ಡಬ್ಬಿ ತೊಳೆದು ಕಳಿಸು. ಶೇಂಗಾ ಚಟ್ನಿ ಉಜ್ಜಣ್ಣನಿಗೂ ಕೊಡು." ನಿಮ್ಮ ತಮ್ಮ ಬೋರ್ಡಿನ ಅಕ್ಷರ ಬರೆಯಲು ಕಲಿತದ್ದೇ ಆ ಚೀಟಿಗಳಿಂದ. "ನಮ್ಮಕ್ಕನ ಶ ಹೆಂಗೈತೆ ನೋಡು ಉಜ್ಜಣ್ಣ" ಎಂದು ಚೀಟಿಯನ್ನು ಬೋರ್ಡಿನ ಪಕ್ಕ ಅಂಟಿಸಿಕೊಂಡು ಬರೆಯುತ್ತಿದ್ದ. ಮಂಡಿಪೇಟೆಯ ಎಷ್ಟೋ ಬೋರ್ಡುಗಳ ಮೇಲೆ ಇರುವುದು ನಿಮ್ಮ ಶ.

ಗೊತ್ತಿದ್ದೂ ಹೇಳಲಿಲ್ಲ. ಹೇಳಿದರೆ ನೀವು ಮತ್ತೆ ಬರೆಯುವುದಿಲ್ಲ ಎಂದು ಹೆದರಿದೆ. ಇಲ್ಲಿಗೆ ನನ್ನನ್ನು ನೋಡಲು ಯಾರೂ ಬಾರದೆ ಒಂಬತ್ತು ವರ್ಷವಾಯಿತು.

ಎರಡು ತಿಂಗಳಿಂದ ನೀವು ಕೇಳಿದ್ದನ್ನು ಬರೆಯಲು ಪ್ರಯತ್ನ ಮಾಡಿದ್ದೇನೆ. ನಿಮ್ಮ ನಾಲ್ಕು ಹಾಳೆಯೂ ಮುಗಿದವು. ನೇರವಾಗಿ ನೋಡುವಂತೆ ಗೀಟು ಹಾಕಿದರೂ ಕೊನೆಗೆ ಕಣ್ಣು ಮೇಲಕ್ಕೇ ಹೋಗುತ್ತದೆ.

ಈ ತಿಂಗಳಿಗೆ ನಾನು ಒಳಗೆ ಬಂದು ಹದಿನಾಲ್ಕು ವರ್ಷ ತುಂಬಿತು. ಆಗಸ್ಟ್ ಹದಿನೈದಕ್ಕೆ ಬಿಡುವವರ ಪಟ್ಟಿಗೆ ನನ್ನ ಹೆಸರು ಕಳಿಸುತ್ತಾರಂತೆ. ನಿಮ್ಮ ತಕರಾರು ಇದೆಯೇ ಎಂದು ನಿಮ್ಮ ಮನೆಗೆ ಪೊಲೀಸರು ಬಂದು ಕೇಳುತ್ತಾರೆ. ಅದಕ್ಕಾಗಿ ಈ ಕಾಗದ ಬರೆದೆ ಎಂದು ತಿಳಿಯಬೇಡಿ.

ಉಜ್ಜನಪ್ಪ

~

ಹರಿಹರ
9 ಫೆಬ್ರವರಿ 1999

ಉಜ್ಜನಪ್ಪ,

ಮರುಳಸಿದ್ದಮ್ಮ ನನ್ನ ಜೊತೆ ಕೆಲಸ ಮಾಡುವವರು. ಅವರ ಹೆಸರು ಬಳಸಿದ್ದು ನನ್ನ ತಪ್ಪು. ಉಳಿದ ತಪ್ಪುಗಳ ಲೆಕ್ಕಕ್ಕೆ ಈಗ ಹೋಗುವುದಿಲ್ಲ.

ಅಕ್ಕ ಎಂದು ಕರೆಯಬೇಡಿ.

ಪ್ರದರ್ಶನದಲ್ಲಿ ನಾನು ಮೊದಲು ನೋಡಿದ್ದು ಮುಖ, ಆಮೇಲೆ ಕೆಳಗಿನ ಹೆಸರು. ಎಡಹುಬ್ಬಿನ ಮೇಲೆ ಗೀರು ಬರೆದಿದ್ದೀರಿ. ಅವನಿಗೆ ಐದು ವರ್ಷವಿದ್ದಾಗ ನನ್ನ ಕೈಯಿಂದ ಸ್ಲೇಟು ಜಾರಿ ಆದ ಗಾಯ ಅದು. ಅದು ಎಡಕ್ಕಿತ್ತೋ ಬಲಕ್ಕಿತ್ತೋ ಎಂದೇ ನನಗೆ ಮರೆತುಹೋಗಿತ್ತು. ಕೇಳಿಸಿಕೊಳ್ಳಿ, ನಾನು ಎತ್ತಿ ಬೆಳೆಸಿದ ತಮ್ಮನ ಮುಖ ನನಗೆ ಮರೆತುಹೋಗಿದೆ. ನಮ್ಮ ಅಪ್ಪ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು. ಇದ್ದದ್ದು ಒಂದೇ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತೆಗೆಸಿದ್ದು. ಕೇಸಿನ ಕಾಲದಲ್ಲಿ ಪೊಲೀಸರು ಕೇಳಿದರು, ಕೊಟ್ಟೆ. ಆಮೇಲೆ ಎಷ್ಟು ಸಲ ಹೋದರೂ "ಫೈಲಿನಾಗ ಐತೆ ಮೇಡಂ, ಫೈಲ್ ಎಲ್ಲೈತೋ ಗೊತ್ತಿಲ್ಲ" ಎಂದರು. ಮೊದಲು ಅವನ ದನಿ ಹೋಯಿತು, ಆಮೇಲೆ ಮೂಗು, ಬಾಯಿ. ನಿಮ್ಮ ಚಿತ್ರ ನೋಡುವವರೆಗೂ ಅವನು ನನಗೆ ಬೆನ್ನು ತೋರಿಸಿಕೊಂಡು ನಿಂತ ಹಾಗಿದ್ದ.

ಅವನ ಮುಖ ನಿಮ್ಮ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ.

ಒಂದು ಪ್ರಶ್ನೆಗೆ ಉತ್ತರ ಕೊಡಿ. ಅವತ್ತು ಮೇಲಿಂದ ಅವನನ್ನು ತಳ್ಳಿದಿರೋ ಇಲ್ಲವೋ?

ಗುರುಶಾಂತಮ್ಮ

~

ಬಳ್ಳಾರಿ
2 ಮಾರ್ಚ್ 1999

ಟೀಚರ್ ಅವರಿಗೆ,

ನಾನು ತಳ್ಳಲಿಲ್ಲ. ಕೋರ್ಟಿನಲ್ಲಿ ಹೇಳಿದ್ದು ಅದನ್ನೇ, ಈಗ ಹೇಳುವುದೂ ಅದನ್ನೇ.

ಇನ್ನೂ ಬರೆಯಲು ಕೂತಿದ್ದೆ. ನಮ್ಮ ಆಫೀಸಿನ ಸಾಹೇಬರು ಒಳ್ಳೆಯವರು, ಕರೆದು ಹೇಳಿದರು: "ಆಗಸ್ಟ್ ತನಕ ಬಾಯಿ ಮುಚ್ಕೊಂಡಿರಪ್ಪ. ಆ ಮನಿಯವ್ರಿಗೆ ಏನೂ ಬರೀಬ್ಯಾಡ. ಏನ್ ಬರದ್ರೂ ನಿನಗೇ ತಿರುಗುತ್ತೆ." ಅದಕ್ಕೇ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಉಜ್ಜನಪ್ಪ

~

ಹರಿಹರ
18 ಏಪ್ರಿಲ್ 1999

ಉಜ್ಜನಪ್ಪನವರಿಗೆ,

ಪರೀಕ್ಷೆ ಮುಗಿದು ಶಾಲೆಗೆ ರಜೆ ಕೊಟ್ಟ ಮೇಲೆ ದಾವಣಗೆರೆಗೆ ಹೋಗಿದ್ದೆ. ಮಂಡಿಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ತಲೆಯೆತ್ತಿಕೊಂಡು ನಡೆದೆ. "ಏನ್ ಬೇಕಿತ್ರಿ?" ಎಂದು ಕೇಳಿದವರಿಗೆಲ್ಲ ಏನೂ ಬೇಡ ಎಂದೆ. ಈಗ ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಬೋರ್ಡು ಬಂದಿವೆ. ಆದರೂ ಎರಡು ಕಡೆ ಸಿಕ್ಕಿತು. ಒಂದು ಹಗ್ಗದ ಅಂಗಡಿ, ಇನ್ನೊಂದು ಶಾವಿಗೆ ಮಾರುವವರದು. ನನ್ನ ಶ, ಆಳೆತ್ತರ.

ಅಲ್ಲಿಂದ ಅವನು ಬಿದ್ದ ಆ ಅರಳೆ ಗೋದಾಮಿನ ರಸ್ತೆಗೆ ಹೋದೆ. ಹದಿನಾಲ್ಕು ವರ್ಷ ಆ ರಸ್ತೆ ತುಳಿದಿರಲಿಲ್ಲ, ಬಸ್ಸು ಆ ಕಡೆಯಿಂದ ಹೋದರೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಗೋಡೆಗೆ ಎಷ್ಟೋ ಸಲ ಸುಣ್ಣ ಹೊಡೆದಿದ್ದಾರೆ. ಬಾಗಿಲಲ್ಲಿ ಕೂತಿದ್ದ ಮಾರೆಮ್ಮ ಎಂಬ ಮುದುಕಿ, "ಏನ್ ನೋಡ್ತೀಯವ್ವ, ಅಲ್ಲೊಂದು ಮುಖ ಇತ್ತು. ಮಳೆಗಾಲದಾಗ ಗೋಡೆ ತೊಯ್ದ್ರೆ ಈಗ್ಲೂ ಕಾಣ್ತತಿ. ಹಲ್ಲು ಕಾಣ್ತಾವು, ಕಣ್ಣು ಕಾಣ್ತಾವು, ಗದ್ದ ಇಲ್ಲ" ಎಂದಳು. ನನಗೆ ಬರೀ ಸುಣ್ಣ ಕಂಡಿತು.

ಈಗ ನಾನು ಹೇಳಬೇಕಾದದ್ದು. ಇದನ್ನೂ ನಿಮ್ಮ ಆಫೀಸಿನವರು ಓದುತ್ತಾರೆಂದು ಗೊತ್ತು. ಓದಲಿ.

ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿದ್ದು ನಿಮಗೆ ನೆನಪಿರುತ್ತದೆ. "ಸಾಯುವ ಮೂರು ದಿನ ಮೊದಲು ನನ್ನ ತಮ್ಮ ಮನೆಗೆ ಬಂದು, ಉಜ್ಜಣ್ಣ ನನ್ನನ್ನು ಮುಗಿಸುತ್ತೇನೆ ಅಂದಿದ್ದಾನೆ, ಅಕ್ಕ, ಎಂದು ಹೇಳಿದ" ಎಂದೆ. ಅವನು ಹಾಗೆ ಹೇಳಿರಲಿಲ್ಲ. ಸಂಕ್ರಾಂತಿಗೆ ಬಂದಿದ್ದ, ಎಳ್ಳು ಬೆಲ್ಲ ತಿಂದ, ಮಲಗಿದ, ಹೋದ. ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಗೋದಾಮಿನ ಹಮಾಲ ನೀವು ತಳ್ಳಿದ್ದನ್ನು ಕಂಡೆ ಎಂದು ಹೇಳಿದ್ದ, ನನಗೆ ಅದರಲ್ಲಿ ಸಂಶಯವಿರಲಿಲ್ಲ. ಒಬ್ಬನ ಮಾತು ಸಾಕಾಗುವುದಿಲ್ಲ, ನೀವು ತಪ್ಪಿಸಿಕೊಳ್ಳುತ್ತೀರಿ ಎಂಬ ಭಯಕ್ಕೆ ಸುಳ್ಳು ಹೇಳಿದೆ. ನ್ಯಾಯಾಧೀಶರು ತೀರ್ಪಿನಲ್ಲಿ ನನ್ನ ಮಾತನ್ನೇ ಎತ್ತಿ ಹೇಳಿದರು.

ಅಂದಿನಿಂದ ಒಂದೇ ಯೋಚನೆ. ನೀವು ತಳ್ಳಿದ್ದರೆ ನನ್ನ ಸುಳ್ಳು ನಿಜಕ್ಕೆ ಸಹಾಯ ಮಾಡಿತು. ತಳ್ಳದಿದ್ದರೆ ನಾನೊಬ್ಬ ಮನುಷ್ಯನನ್ನು ಹೂತುಹಾಕಿದೆ. ಆದ್ದರಿಂದ "ತಳ್ಳಲಿಲ್ಲ" ಎಂಬ ಒಂದು ಸಾಲು ನನಗೆ ಸಾಲದು. ಆ ದಿನ ಏನಾಯಿತೆಂದು ಬರೆಯಿರಿ.

ಗುರುಶಾಂತಮ್ಮ

~

ಬಳ್ಳಾರಿ
10 ಮೇ 1999

ಗುರುಶಾಂತಮ್ಮನವರಿಗೆ,

ಆ ಸಾಕ್ಷಿ ಸುಳ್ಳೆಂದು ನನಗೆ ಅವತ್ತೇ ಗೊತ್ತಿತ್ತು. ನಾನು ಆಡದ ಮಾತು ನನಗಲ್ಲದೆ ಯಾರಿಗೆ ಗೊತ್ತಿರುತ್ತದೆ? ವಕೀಲರು "ಆ ಹೆಣ್ಮಗಳನ್ನ ಚೆನ್ನಾಗಿ ಜಾಡಿಸ್ತೀನಿ, ಮಾತು ಸುಳ್ಳಂತ ಒಪ್ಕೋಬೇಕು" ಎಂದರು. ಬೇಡ ಸಾರ್ ಎಂದೆ. ಯಾಕೆ ಬೇಡ ಎಂದೆ ಅನ್ನುವುದು ಈ ಕಾಗದದಲ್ಲಿ ಇದೆ.

1985ರ ಜನವರಿ ಹದಿನೇಳು, ಗುರುವಾರ. ಹಲ್ಲುಪುಡಿಯ ಜಾಹೀರಾತು, ನಲವತ್ತು ಅಡಿ ಎತ್ತರದ ಗೋಡೆ. ಬಿದಿರಿನ ಗಳು ಕಟ್ಟಿ ಅಡ್ಡ ಹಲಗೆ ಹಾಕಿದ್ದೆವು. ಮೇಲಿನ ಹಲಗೆಯಲ್ಲಿ ನಾನು ಅಕ್ಷರ ಬರೆಯುತ್ತಿದ್ದೆ. ಕೆಳಗಿನ ಹಲಗೆಯಲ್ಲಿ ಬಕ್ಕೇಶ ಮುಖ ಬರೆಯುತ್ತಿದ್ದ. ಕಣ್ಣು, ಹಲ್ಲು ಆಗಿತ್ತು, ಗದ್ದ ಬಾಕಿ. ಹನ್ನೊಂದು ಗಂಟೆಯ ಬಿಸಿಲು.

ಹಿಂದಿನ ದಿನ ಕಂಪನಿಯ ಏಜೆಂಟರು ಬಂದು ನೋಡಿ, "ಈ ಮುಖ ಬರ್ದೋನು ಯಾರು? ಚಿತ್ರದುರ್ಗದ ಗೋಡೆನೂ ಅವ್ನಿಗೇ ಕೊಡ್ತೀನಿ" ಎಂದಿದ್ದರು. ಅಂಗಡಿ ನನ್ನದು, ಹೆಸರು ನನ್ನದು. ಅವನನ್ನು ಹದಿನೇಳು ವರ್ಷದವನಿದ್ದಾಗ ಕರೆತಂದು ಬ್ರಷ್ ಹಿಡಿಯಲು ಕಲಿಸಿದವನು ನಾನು. ಆರು ವರ್ಷದಲ್ಲಿ ನನ್ನನ್ನು ದಾಟಿ ಹೋದ. ನಾನು ಜೀವಮಾನದಲ್ಲಿ ಅಂಥ ಒಂದು ಕಣ್ಣು ಬರೆದವನಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವತ್ತು ಕೆಲಸ ಮಾಡುತ್ತಲೇ ಅವನು, "ಉಜ್ಜಣ್ಣ, ಚಿತ್ರದುರ್ಗದ ಕೆಲ್ಸ ನಾನೇ ಒಬ್ನೇ ಮಾಡ್ತೀನಿ. ಆಮ್ಯಾಲೆ ನನ್ದೇ ಅಂಗ್ಡಿ ಹಾಕ್ತೀನಿ. ಸಿಟ್ಟು ಮಾಡ್ಕೋಬ್ಯಾಡ" ಎಂದ. ಮೆತ್ತಗೇ ಹೇಳಿದ. ನಾನು ಬೈದೆ. ಅವನೂ ಒಂದು ಮಾತು ಆಡಿದ. ನಾನು "ಹೋಗಿ ಬಿದ್ದು ಸಾಯಿ" ಎಂದೆ. ಹಮಾಲ ಕೇಳಿಸಿಕೊಂಡದ್ದು ಅದನ್ನು. ಅದು ನಿಜ.

ಸ್ವಲ್ಪ ಹೊತ್ತಿಗೆ ಅವನ ಹಲಗೆಯ ಒಂದು ಕಡೆಯ ಹಗ್ಗ ಸಡಿಲಾಯಿತು. ನಾನು ಮುಟ್ಟಿದ್ದಲ್ಲ. ಬೆಳಿಗ್ಗೆ ಕಟ್ಟಿದ್ದೂ ಅವನೇ. ಹಲಗೆ ವಾಲಿತು, ಬಣ್ಣದ ಡಬ್ಬಿ ಕೆಳಗೆ ಹೋಯಿತು, ಅವನು ಒಂದು ಅಡ್ಡಗಳುವನ್ನು ಒಂದೇ ಕೈಯಲ್ಲಿ ಹಿಡಿದು ನೇತಾಡಿದ. ನನ್ನ ಹಲಗೆಯಿಂದ ಎರಡು ಮೊಳ ಕೆಳಗೆ. ತಲೆಯೆತ್ತಿ ನನ್ನನ್ನು ನೋಡಿದ.

"ಉಜ್ಜಣ್ಣ, ಕೈ ಕೊಡು."

ಕಿರುಚಲಿಲ್ಲ. ಬ್ರಷ್ ಕೊಡು ಅನ್ನುವ ಹಾಗೆ ಕೇಳಿದ. ಕೊಡುತ್ತೇನೆಂದು ಅವನಿಗೆ ನಂಬಿಕೆಯಿತ್ತು. ನೀವು, ಆ ಹಿರಿಯರು, ಖಾಜಾ ಮೇಷ್ಟ್ರು, ಎಲ್ಲರೂ ಸಮಾಧಾನ ಎಂದು ಹೇಳುವುದು ಅದನ್ನು. ಅವನು ದೇವರನ್ನು ನೋಡುತ್ತಿಲ್ಲ. ನನ್ನನ್ನು ನೋಡುತ್ತಿದ್ದಾನೆ.

ನಾನು ಕೊಡಲೇಬಾರದು ಎಂದುಕೊಳ್ಳಲಿಲ್ಲ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡೋಣ, ಆದರೆ ಸ್ವಲ್ಪ ಹೆದರಲಿ ಎಂದುಕೊಂಡೆ. ನಾನಿಲ್ಲದೆ ತನಗೆ ಆಗುವುದಿಲ್ಲ ಎಂದು ಒಂದು ಸಲ ಗೊತ್ತಾಗಲಿ ಎಂದುಕೊಂಡೆ. ಬಲಗೈಯಲ್ಲಿ ಬ್ರಷ್ ಇತ್ತು. ಅದನ್ನು ಬಿಸಾಡಬಹುದಿತ್ತು. ಮೆಲ್ಲಗೆ ಡಬ್ಬಿಯ ಅಂಚಿಗೆ ಒರೆಸಿ, ಡಬ್ಬಿಯ ಮೇಲೆ ಅಡ್ಡ ಇಟ್ಟೆ. ಆಮೇಲೆ ಬಗ್ಗಿ ಕೈ ಚಾಚಿದೆ. ಅಷ್ಟರಲ್ಲಿ ಅವನ ಬೆರಳು ಬಿಟ್ಟಿದ್ದವು. ಹಮಾಲ ತಲೆಯೆತ್ತಿ ನೋಡಿದ್ದು ಆಗ. ಅವನಿಗೆ ಕಂಡದ್ದು ನಾನು ಬಗ್ಗಿ ಕೈ ಚಾಚಿದ್ದು, ಬಕ್ಕೇಶ ಬೀಳುತ್ತಿದ್ದದ್ದು. ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ.

ತಳ್ಳಲಿಲ್ಲ, ತಳ್ಳಲಿಲ್ಲ ಎಂದು ಹದಿನಾಲ್ಕು ವರ್ಷ ಹೇಳಿದೆ. ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡು ಬದುಕಿದೆ. ಬ್ರಷ್ ಒರೆಸಿದ್ದನ್ನು ಯಾರಿಗೂ ಹೇಳಿಲ್ಲ.

ಕಾಗದ ಓದಿ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಇಟ್ಟು, "ನಾನಿದನ್ನ ಓದಿಲ್ಲ ಅಂತ ತಿಳ್ಕೊಂತೀನಿ. ತಗೊಂಡೋಗಿ ಹರದ್ಹಾಕು" ಎಂದರು. ಹರಿಯದೆ, ಕಳಿಸಿ ಸಾರ್ ಎಂದು ಅಲ್ಲೇ ಬಿಡುತ್ತಿದ್ದೇನೆ. ಈ ಕೊನೆಯ ಸಾಲುಗಳು ಅವರ ಮುಂದೆಯೇ ಸೇರಿಸಿದ್ದು.

ಉಜ್ಜನಪ್ಪ

~

ಬಳ್ಳಾರಿ
30 ಆಗಸ್ಟ್ 1999

ಗುರುಶಾಂತಮ್ಮನವರಿಗೆ,

ಮೂರು ತಿಂಗಳಿಂದ ನಿಮ್ಮ ಕಾಗದ ಇಲ್ಲ. ಇರಬೇಕೆಂದೂ ನಾನು ಕೇಳುವಂತಿಲ್ಲ.

ಆಗಸ್ಟ್ ಹದಿನೈದಕ್ಕೆ ಇಲ್ಲಿಂದ ಹನ್ನೊಂದು ಜನ ಹೊರಗೆ ಹೋದರು. ಬೆಳಿಗ್ಗೆ ಬಾವುಟ ಹಾರಿಸಿ ಹೆಸರು ಓದಿದರು. ನನ್ನದು ಇರಲಿಲ್ಲ. ನನ್ನ ಬ್ಯಾರಕ್ಕಿನ ಜಮಾಲುದ್ದೀನ್ ಹೆಸರಿತ್ತು. ಅವನು ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದವನು ವಾಪಸ್ ಬಂದು, "ಉಜ್ಜಣ್ಣ, ನನ್ನ ಜಾಗದಾಗ ಮಲಿಕ್ಕೋ, ಅಲ್ಲಿ ಗಾಳಿ ಬರ್ತದೆ" ಎಂದ. ಈಗ ಅಲ್ಲೇ ಮಲಗುತ್ತೇನೆ. ಗಾಳಿ ಬರುತ್ತದೆ.

ಹೋದ ಕಾಗದ ಬರೆದ ಮೇಲೆ ಚಿತ್ರ ಬರೆಯಲು ಆಗುತ್ತಿಲ್ಲ. ಬ್ರಷ್ ಅದ್ದುತ್ತೇನೆ, ಡಬ್ಬಿಯ ಅಂಚಿಗೆ ಒರೆಸುವ ಹೊತ್ತಿಗೆ ಕೈ ನಿಲ್ಲುತ್ತದೆ. ಖಾಜಾ ಮೇಷ್ಟ್ರು ಪೆನ್ಸಿಲ್ ಕೊಟ್ಟು ಹೋಗಿದ್ದಾರೆ.

ಉಜ್ಜನಪ್ಪ

~

ಹರಿಹರ
19 ಸೆಪ್ಟೆಂಬರ್ 1999

ಉಜ್ಜನಪ್ಪ,

ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲದಿರಲು ನಾನೂ ಒಂದು ಕಾರಣ. ಜೂನಿನಲ್ಲಿ ಪೊಲೀಸರು ಬಂದಿದ್ದರು. ನಿನ್ನ ಕಾಗದ ಬಂದು ಹದಿನೈದು ದಿನವಾಗಿತ್ತು. "ಅವ್ನು ಬಿಡುಗಡೆ ಆದ್ರೆ ನಿಮ್ದೇನಾರ ತಕರಾರು ಐತೇನ್ರಿ?" ಎಂದರು. ಐತೆ ಎಂದು ಬರೆದು ಸಹಿ ಹಾಕಿದೆ. ನನ್ನ ಸುಳ್ಳಿನ ಬಗ್ಗೆ ಅವರಿಗೆ ಒಂದು ಮಾತೂ ಹೇಳಲಿಲ್ಲ, ಅದಕ್ಕೆ ಬಾಯಿ ಬರಲಿಲ್ಲ. ನಾನೂ ನಿನ್ನ ಹಾಗೇ ನೋಡು.

ನೀನು ತಳ್ಳಿದ್ದರೆ ನನಗೆ ಸುಲಭವಿತ್ತು. ಕೊಲೆಗಾರ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಸ್ವಲ್ಪ ಹೆದರಲಿ ಎಂದುಕೊಂಡೆ ಎಂದೆಯಲ್ಲ, ಅದನ್ನು ಏನು ಮಾಡಲಿ? ನಾನು ಎಷ್ಟು ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದೇನೆ, ಸ್ವಲ್ಪ ಹೆದರಲಿ ಎಂದು.

ನಾನೀಗ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಲೆಕ್ಕ ಹಾಕುತ್ತೇನೆ. ಬ್ರಷ್ ಒರೆಸಿ ಅಡ್ಡ ಇಡಲು ಎಷ್ಟು ಹೊತ್ತು ಬೇಕು? ಶಾಲೆಯಲ್ಲಿ ಒಂದು ಬ್ರಷ್ ತೆಗೆದುಕೊಂಡು ಮಾಡಿಯೂ ನೋಡಿದೆ. ಮಕ್ಕಳು ನೋಡುತ್ತಿದ್ದರು.

ಮೊದಲು ನನಗೆ ಅವನ ಮುಖವೇ ಇರಲಿಲ್ಲ. ಈಗ ಇದೆ, ಆದರೆ ಇದೊಂದೇ ಇದೆ. ಕೈ ಕೊಡು ಅನ್ನುವ ಮುಖ. ಇದರ ಜೊತೆ ಇರುವುದು ನನ್ನಿಂದ ಆಗುವುದಿಲ್ಲ. ಅವನು ಆರು ವರ್ಷ ನಿನ್ನ ಅಂಗಡಿಯಲ್ಲಿದ್ದ. ವಾರಕ್ಕೆ ಆರು ದಿನ. ನನಗಿಂತ ಹೆಚ್ಚು ನೀನು ನೋಡಿದ್ದೀಯ. ಆ ಒಂದು ಗಳಿಗೆ ಬಿಟ್ಟು ಬೇರೆ ಯಾವುದಾದರೂ ದಿನದ ಮುಖ ಹುಡುಕು. ಇಲ್ಲ, ನೆನಪಿಲ್ಲ ಎಂದು ಬರೆಯಬೇಡ. ನೀನು ಇನ್ನೇನೂ ಮಾಡಬೇಕಿಲ್ಲ.

ಗುರುಶಾಂತಮ್ಮ

~

ಬಳ್ಳಾರಿ
22 ನವೆಂಬರ್ 1999

ಗುರುಶಾಂತಮ್ಮನವರಿಗೆ,

ಎರಡು ತಿಂಗಳು ಹಿಡಿಯಿತು. ಕಣ್ಣು ಮುಚ್ಚಿದರೆ ಬರುವುದು ಅದೇ ಒಂದು. ಅದನ್ನು ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಎಂದು ನೋಡಲು ಬಹಳ ಕಷ್ಟವಾಯಿತು. ಮುಖದಿಂದ ಶುರು ಮಾಡಿದರೆ ಆಗುತ್ತಿರಲಿಲ್ಲ. ಕಾಲಿನಿಂದ ಶುರು ಮಾಡಿದೆ. ಅವನು ಅಂಗಡಿಯ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ, ಬಲಗಾಲಿನ ಹೆಬ್ಬೆರಳು ಮೇಲೆ ಎತ್ತಿಕೊಂಡು. ಅದು ನೆನಪಾಯಿತು. ಆಮೇಲೆ ಮೊಣಕಾಲು, ಅದರ ಮೇಲೆ ಇಟ್ಟ ಕೈ. ಹೀಗೆ ಕೆಳಗಿನಿಂದ ಹತ್ತುತ್ತಾ ಹತ್ತುತ್ತಾ ಮುಖಕ್ಕೆ ಬಂದೆ. ಬಂದಾಗ ಅವನು ಮೇಲೆ ನೋಡುತ್ತಿರಲಿಲ್ಲ. ತಾನು ಬರೆದ ಬೋರ್ಡನ್ನು ನೋಡುತ್ತಿದ್ದ, ಸರಿ ಬಂದಿಲ್ಲ ಎಂದು ಮುಖ ಗಂಟು ಹಾಕಿಕೊಂಡು.

ಪೆನ್ಸಿಲಿನಲ್ಲಿದೆ. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿದ್ದೇನೆ. ಖಾಜಾ ಮೇಷ್ಟ್ರು ತಾವೇ ಅಂಚೆಗೆ ಹಾಕುತ್ತೇನೆ ಎಂದಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ, ನಿಮಗಾಗಿ ಏನನ್ನೂ ತಿದ್ದಿಲ್ಲ.

ಉಜ್ಜನಪ್ಪ

~

ಹರಿಹರ
12 ಡಿಸೆಂಬರ್ 1999

ಉಜ್ಜನಪ್ಪ,

ಗಣರಾಜ್ಯೋತ್ಸವದ ಪಟ್ಟಿಗೆಂದು ಪೊಲೀಸರು ಮತ್ತೆ ಬಂದಿದ್ದರು. ಈ ಸಲ ತಕರಾರು ಇಲ್ಲ ಎಂದು ಬರೆದುಕೊಟ್ಟೆ. ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳೆಂಬುದನ್ನೂ ಒಂದು ಪುಟ ಬರೆದು ಅದರ ಜೊತೆ ಇಟ್ಟೆ. ಆತ ಓದಿ, "ಇದ್ಯಾಕ್ರಿ ಟೀಚರ್, ಇದಕ್ಕೆ ಕಾಲಂ ಇಲ್ಲ" ಎಂದ. ಕಾಲಂ ಇಲ್ಲದಿದ್ದರೂ ತೆಗೆದುಕೊಂಡು ಹೋಗಿ ಎಂದೆ. ಮುಂದೆ ಏನಾಗುತ್ತದೋ ಆಗಲಿ.

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಹೊರಗೆ ಬಂದರೆ ಹರಿಹರಕ್ಕೆ ಬರಬೇಡ. ದಾವಣಗೆರೆಯಲ್ಲಿ ಎಲ್ಲಾದರೂ ಎದುರಾದರೆ ನಾನು ಮಾತಾಡಿಸುವುದಿಲ್ಲ, ನೀನೂ ಮಾತಾಡಿಸಬೇಡ. ನಮ್ಮಿಬ್ಬರ ಕಾಗದ ಇಲ್ಲಿಗೆ ಸಾಕು.

ಚಿತ್ರ ನಿನ್ನೆ ಮಧ್ಯಾಹ್ನ ಬಂತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿಕೊಂಡು ಬಂದಿದ್ದೆ. ಹಿತ್ತಲ ಕಟ್ಟೆಯ ಮೇಲೆ ಕೂತು ರಟ್ಟು ಬಿಚ್ಚಿದೆ. ಮೊದಲು ಕಾಲು ನೋಡಿದೆ, ನೀನು ಬರೆದ ಹಾಗೇ. ಎತ್ತಿದ ಹೆಬ್ಬೆರಳು ನಮ್ಮ ಅಪ್ಪನದು. ಆಮೇಲೆ ಮೇಲೆ ಬಂದೆ.

ಅವನ ಬಾಯಲ್ಲಿ ಬೀಡಿ ಇದೆ.

ನನಗೆ ಗೊತ್ತೇ ಇರಲಿಲ್ಲ. ವಾರವಾರ ಮನೆಗೆ ಬಂದಾಗ ಬಾಯಲ್ಲಿ ಲವಂಗ ಇರುತ್ತಿತ್ತು. ಯಾಕೋ ಎಂದರೆ, "ಹಲ್ಲು ನೋವು ಅಕ್ಕ" ಎನ್ನುತ್ತಿದ್ದ. ನಾನು ಅದನ್ನು ನಂಬಿ ಉಪ್ಪುನೀರು ಕಾಯಿಸಿ ಕೊಡುತ್ತಿದ್ದೆ. ಅವನು ನನ್ನ ಮುಂದೆಯೇ ಮುಕ್ಕಳಿಸುತ್ತಿದ್ದ. ಆರು ವರ್ಷ.

ಎಂಥ ಸಿಟ್ಟು ಬಂತೆಂದರೆ ಎದ್ದು ನಿಂತುಬಿಟ್ಟೆ. "ಎಷ್ಟು ಸುಳ್ಳು ಹೇಳಿದ್ಯೋ ನನಗೆ, ಬಕ್ಕ. ನಾಚ್ಕೆ ಆಗ್ಲಿಲ್ಲೇನೋ ನಿನಗ. ಉಪ್ಪುನೀರು ಕಾಸಿ ಕೊಟ್ನಲ್ಲೋ" ಎಂದು ಬೈದೆ, ಕಾಗದ ಕೈಯಲ್ಲಿ ಹಿಡಿದು, ಜೋರಾಗಿ. ಅವನು ಬೋರ್ಡು ನೋಡುತ್ತಲೇ ಇದ್ದ, ನಾನು ಬೈದರೆ ಯಾವಾಗಲೂ ಮಾಡುತ್ತಿದ್ದ ಹಾಗೆ.

ಪಕ್ಕದ ಮನೆಯ ಮಾಬೂಬೀ ಗೋಡೆಯ ಆಚೆಯಿಂದ ಕೇಳಿದಳು, "ಯಾರ್ ಬಂದಾರೆ ಟೀಚರ್? ಯಾರನ್ನ ಬೈಯಕತ್ತೀರಿ?"

"ನನ್ನ ತಮ್ಮನ್ನ" ಎಂದೆ.

ಗುರುಶಾಂತಮ್ಮ